ಮರಳ ದಿಬ್ಬದ ಕೆಳಗೆ

ಹೆಗ್ಗಡದೇವನ ಕೋಟೆಯಿಂದಾಚೆ, ಕಾಡಂಚಿನ ಚಿನ್ನದ ಗಣಿ ಮುಚ್ಚಿ ಹತ್ತಿರ ಹತ್ತಿರ ಇಪ್ಪತ್ತು ವರ್ಷವಾಗಿತ್ತು. ಉಳಿದಿದ್ದು ಎರಡೇ: ಅರೆಯದೆ ಬಿಟ್ಟ ಕಲ್ಲಿನ ರಾಶಿ, ಮತ್ತೆ ಅರೆದು ಚಿನ್ನ ತೆಗೆದಾದ ಮೇಲೆ ಸುರಿದ ಬೂದು ಮರಳಿನ ದಿಬ್ಬ. ಅವುಗಳಲ್ಲಿ ಚಿನ್ನವೇನಾದರೂ ಉಳಿದಿದೆಯೇ, ಮತ್ತೆ ತೆಗೆದರೆ ಗಿಟ್ಟುತ್ತದೆಯೇ ಎಂದು ನೋಡಿ ಹೇಳಲು ಸರ್ಕಾರದ ಕಡೆಯಿಂದ ಹುಣಸೂರಿನ ಫಕ್ರುದ್ದೀನ್ ಸಾಹೇಬರು ಬಂದರು.

ಸಾಹೇಬರು ದಿಬ್ಬದ ಉದ್ದಗಲಕ್ಕೂ ಗುಂಡಿ ತೋಡಿಸಿ, ಮೇಲಿನ ಮರಳು, ನಡುವಿನದು, ತಳದ್ದು ಎಂದು ಬೇರೆ ಬೇರೆ ತೆಗೆಸುತ್ತಿದ್ದರು. ಅದನ್ನು ಮರದ ಮರಿಗೆಯಲ್ಲಿ ನೀರು ಹಾಕಿ ಜಾಲಿಸಲು ಊರ ಹೆಂಗಸರು ಬರುತ್ತಿದ್ದರು. ಅವರಲ್ಲಿ ಚಿಕ್ಕಸಿದ್ದಮ್ಮ ಒಬ್ಬಳು. ಅವಳ ಜೊತೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಅವಳ ಗಂಡ ಲಿಂಗಣ್ಣ, ಗಣಿ ನಡೆಯುತ್ತಿದ್ದಾಗ, ಮರಳು ಕೊಚ್ಚಿ ಹೋಗದಂತೆ ಈ ದಿಬ್ಬಕ್ಕೆ ಕಟ್ಟಿದ್ದ ಏರಿ ಕಾಯುವ ಕೆಲಸದಲ್ಲಿದ್ದವನು. ಒಂದು ಮುಂಗಾರಿನ ರಾತ್ರಿ ಏರಿ ಒಡೆದು ಕೆಸರು ಮರಳು ತಗ್ಗಿಗೆಲ್ಲ ನುಗ್ಗಿತು. ಬೆಳಗಾದರೆ ಲಿಂಗಣ್ಣ ಇಲ್ಲ. ಕಲ್ಲು ಅರೆಯುವ ಮಿಲ್ಲಿನಲ್ಲಿದ್ದ ಚಿನ್ನದ ಗಟ್ಟಿಯೂ ಇಲ್ಲ. ಕದ್ದುಕೊಂಡು ವೈನಾಡಿನ ಕಡೆ ಓಡಿದ ಎಂದರು ಗಣಿಯವರು. ಪಟೇಲ ಚನ್ನಬಸವಣ್ಣ ಅದನ್ನು ನಂಬಿದ, ಊರೂ ನಂಬಿತು. ಅಂದಿನಿಂದ ಚಿಕ್ಕಸಿದ್ದಮ್ಮನನ್ನು ಯಾರೂ ಒಂದು ಮದುವೆಗೂ ಕರೆಯಲಿಲ್ಲ, ಒಂದು ಸಾವಿಗೂ ಹೇಳಿ ಕಳಿಸಲಿಲ್ಲ.

ತಗ್ಗಿನ ಕಡೆಯ ಗುಂಡಿ ತೋಡುವಾಗ ಆಳುಗಳು ಗುದ್ದಲಿ ಕೆಳಗಿಟ್ಟು ಮೇಲೆ ಬಂದರು. ಸಾಹೇಬರು ತಾವೇ ಇಳಿದು ಮರಳನ್ನು ಕೈಯಿಂದ ಸರಿಸಿದರು. ಮನುಷ್ಯನ ಎಲುಬು. ಬೋರಲು ಬಿದ್ದಿದ್ದ ದೇಹ. ಬೆರಳಿನ ಮೂಳೆಗಳ ಕೆಳಗೆ ತುಕ್ಕು ಹಿಡಿದ ಗುದ್ದಲಿ, ಎದೆಯ ಕೆಳಗೆ ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಹಿತ್ತಾಳೆಯ ಕರಡಿಗೆ.

ಆಳುಗಳು ಲಿಂಗಣ್ಣನ ಹೆಸರು ಹೇಳಿದ ಮೇಲೆ ಸಾಹೇಬರು ಚಿಕ್ಕಸಿದ್ದಮ್ಮನನ್ನು ಕರೆಸಿದರು. ಅವಳು ಕರಡಿಗೆಯನ್ನು ಸೆರಗಿನಿಂದ ಒರೆಸಿದಳು. ಮುಚ್ಚಳದ ಕೀಲು ಮುರಿದಿತ್ತು, ಅದಕ್ಕೊಂದು ತಾಮ್ರದ ತಂತಿ ಸುತ್ತಿತ್ತು. ಸುತ್ತಿದವಳು ಅವಳೇ. ಕರಡಿಗೆ ಹಿಡಿದು ಗುಂಡಿಯ ಅಂಚಿನಲ್ಲಿ ಕೂತಳು. ಇಷ್ಟು ವರ್ಷವೂ ಅವಳ ಮನಸ್ಸಿನಲ್ಲಿ ಅವನು ಎಲ್ಲೋ ಬೇರೊಂದು ಮನೆ ಮಾಡಿ, ಬೇರೊಬ್ಬಳ ಕೈಯಲ್ಲಿ ಉಣ್ಣುತ್ತಿದ್ದ. ಒಲೆ ಮುಂದೆ ಕೂತು ಅವಳು ಅವನಿಗೆ ಹಾಕಿದ ಶಾಪಕ್ಕೆ ಲೆಕ್ಕವಿರಲಿಲ್ಲ.

"ಓಡೋದ್ರು ಅಂತ ನಾನೂ ನಂಬ್ಬುಟ್ಟಿದ್ದೆ ಕಣ್ರೀ ಸಾಬ್ರೆ," ಎಂದಳು. "ಇಲ್ಲೇ ಅವ್ರೆ."

ಸಾಹೇಬರು ಆ ಗುಂಡಿಯ ಸುತ್ತಿನ ಮರಳನ್ನೆಲ್ಲ ಜರಡಿ ಹಿಡಿಸಿದರು. ಚಿನ್ನದ ಗಟ್ಟಿ ಸಿಗಲಿಲ್ಲ. ಅದು ಯಾರ ಪಾಲಾಯಿತೋ, ಕೊನೆಗೂ ಗೊತ್ತಾಗಲಿಲ್ಲ. ಸುದ್ದಿ ಕೇಳಿ ಪಟೇಲ ಬಂದಾಗ ಸಾಹೇಬರು ಎಲ್ಲರ ಎದುರಿಗೇ ಹೇಳಿದರು: "ಏರಿ ಕಟ್ಟೋಕೆ ಹೋಗಿ ಸತ್ತಿದ್ದಾರೆ, ಪಟೇಲ್ರೆ. ಇವರ ಕೈಲಿ ಗುದ್ದಲಿ ಬಿಟ್ಟು ಬೇರೇನೂ ಇರಲಿಲ್ಲ."

ಪಟೇಲ ಗುಂಡಿಯೊಳಗೆ ಒಮ್ಮೆ ಬಗ್ಗಿ ನೋಡಿ, ಊರ ಕಡೆ ನಡೆದ.

ಮಾರನೆಯ ದಿನ ಜಂಗಮಯ್ಯ ಬಂದು ವಿಭೂತಿ ಇಟ್ಟು, ಕರಡಿಗೆಯಲ್ಲಿದ್ದ ಲಿಂಗವನ್ನು ಎಲುಬಿನ ಜೊತೆ ಸಮಾಧಿಯ ಗುಂಡಿಯಲ್ಲಿರಿಸಿದರು. ಊರೆಲ್ಲ ನೆರೆದಿತ್ತು. ಚನ್ನಬಸವಣ್ಣ ಮಾತ್ರ ದೂರದ ಬೇಲಿಯ ಹತ್ತಿರವೇ ನಿಂತಿದ್ದ. ಚಿಕ್ಕಸಿದ್ದಮ್ಮ ಅಲ್ಲಿಗೇ ನಡೆದು ಹೋದಳು.

"ಬನ್ನಿ ಅಣ್ಣಾರೆ. ನೀವೂ ಒಂದಿಡಿ ಮಣ್ಣಾಕಿ."

ಅವನು ಬಂದ. ಬಗ್ಗಿ ಒಂದು ಹಿಡಿ ಮಣ್ಣು ಹಾಕಿದ. ಕ್ಷಮಿಸು ಎಂದು ಅವನು ಕೇಳಲಿಲ್ಲ, ಕ್ಷಮಿಸಿದೆ ಎಂದು ಅವಳೂ ಹೇಳಲಿಲ್ಲ.

ಉಳಿದ ಗುಂಡಿಗಳ ಮರಳನ್ನೂ ಅವಳು ಕೊನೆಯವರೆಗೆ ಜಾಲಿಸಿಕೊಟ್ಟಳು. ಕಲ್ಲಿನಲ್ಲಿ ಒಂದಿಷ್ಟು ಚಿನ್ನವಿದೆ, ಮರಳಿನಲ್ಲಿರುವುದು ತೆಗೆಯುವ ಖರ್ಚಿಗೂ ಸಾಲದು ಎಂದು ಸಾಹೇಬರು ತಿಳಿಸಿದರು. ಗಣಿ ಮತ್ತೆ ತೆರೆಯಲಿಲ್ಲ.

ಗಂಡ ಎಲ್ಲೋ ಬದುಕಿದ್ದಾನೆಂದೇ ನಂಬಿದ್ದ ಅವಳು ಅಲ್ಲಿಯವರೆಗೆ ಸತ್ತವರಿಗೆ ಎಡೆ ಇಡುವ ಹಿರಿಯರ ಹಬ್ಬವನ್ನು ಅವನಿಗಾಗಿ ಮಾಡಿರಲಿಲ್ಲ. ಆ ವರ್ಷ ಅವನ ಹೆಸರಿನಲ್ಲಿ ಹೊಸ ಪಂಚೆ ತಂದಳು. ರಾಗಿಮುದ್ದೆ, ಹುರುಳಿ ಸಾರು ಮಾಡಿ ಎಡೆ ಇಟ್ಟು, ಎದುರಿಗೆ ಬಹಳ ಹೊತ್ತು ಕೂತಿದ್ದಳು.