ಶನಿವಾರದ ಸೋರಿಕೆ

ಕಾರಿನ ನಾಲ್ಕನೆಯ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಮೀಟರಣ್ಣ ಮೀಟರಿನ ಮುಳ್ಳಿನ ಕಡೆ ನೋಡಿದ. ಮುಳ್ಳು ಮಿಸುಕಲಿಲ್ಲ. ಸೊನ್ನೆ ಪಾಯಿಂಟ್ ಎಂಟು ಆಂಪಿಯರಿನ ಮೇಲೆ ಪಟ್ಟು ಹಿಡಿದು ಕೂತಿತ್ತು.

"ಭಾವ, ವ್ಯಾನು ಹನ್ನೊಂದಕ್ಕೆ ಹೊರಡತ್ತೆ." ಹೆಂಡತಿಯ ತಮ್ಮ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದ. "ಈಗ ಒಂಬತ್ತೂಮುಕ್ಕಾಲು. ಅಕ್ಕ ಅಲ್ಲಿ ಮಲಗಿದಾಳೆ, ನೀನು ಇಲ್ಲಿ ಕಾರಿನ ನಾಡಿ ಹಿಡ್ಕೊಂಡು ನಿಂತಿದೀಯ. ಬಂದವರು ಕೇಳ್ತಾ ಇದಾರೆ."

"ಏನಂತ?"

"ಗಂಡ ಎಲ್ಲಿ ಅಂತ."

"ಕಾರಿನ ಹತ್ರ ಇದಾನೆ ಅನ್ನು."

"ಅಂದೆ. ಯಾರಿಗೂ ಆಶ್ಚರ್ಯ ಆಗ್ಲಿಲ್ಲ."

ಮೀಟರಣ್ಣ ಐದನೆಯ ಫ್ಯೂಸಿಗೆ ಕೈ ಹಾಕಿದ. ಮೂವತ್ತಾರು ವರ್ಷಗಳಿಂದ ವಾಹನಗಳ ವೈರಿಂಗ್ ರಿಪೇರಿಯೇ ಅವನ ಕಸುಬು. ನಿಂತ ಗಾಡಿ ಬ್ಯಾಟರಿಯನ್ನು ಎಲ್ಲಿ ಹೀರುತ್ತಿದೆ ಎಂದು ಪತ್ತೆ ಹಚ್ಚುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬೇರೆಯವರು ಕೈಚೆಲ್ಲಿದ ಗಾಡಿಗಳನ್ನು ಎಳೆದು ತಂದು ಅವನ ಅಂಗಡಿಯ ಮುಂದೆ ಬಿಡುತ್ತಿದ್ದರು. ತಾಯಿ ತಂದೆ ಇಟ್ಟ ಹೆಸರು ಎಂದೋ ಹಿಂದೆ ಬಿದ್ದು, ಮೀಟರಣ್ಣ ಎಂಬುದೇ ಉಳಿದಿತ್ತು. ಆದರೆ ದೀಪದ ಬುಡದಲ್ಲೇ ಕತ್ತಲು. ಎರಡು ವರ್ಷಗಳಿಂದ ಹೆಂಡತಿಯ ಈ ಇಪ್ಪತ್ತೆರಡು ವರ್ಷದ ಹಳೇ ಕಾರು ಭಾನುವಾರ ಬೆಳಿಗ್ಗೆಯಾದರೆ ಸತ್ತು ಬಿದ್ದಿರುತ್ತಿತ್ತು. ವಾರವಾರ ಅಲ್ಲ, ಎರಡು ವಾರಕ್ಕೊಮ್ಮೆ, ಕೆಲವೊಮ್ಮೆ ಮೂರು. ಬೇರೆ ದಿನಗಳಲ್ಲಿ ಮಾತ್ರ ಕೀಲಿ ತಿರುಗಿಸಿದ ಕೂಡಲೇ ಎದ್ದು ಕೂರುತ್ತಿತ್ತು.

"ನಿನ್ನೆ ಅಂಗಡಿಯಿಂದ ಹೊಸ ಬ್ಯಾಟರಿ ತಂದು ಕೂರಿಸಿದೀಯಲ್ಲ. ಕೀಲಿ ತಿರುಗ್ಸು, ಹೊರಡು," ಎಂದ ತಮ್ಮ. ಅವನು ಬಸ್ಸಿನ ಡ್ರೈವರು. "ನಾನು ಇಪ್ಪತ್ತೆಂಟು ವರ್ಷ ಬಸ್ ಓಡಿಸ್ದೆ. ಒಂದಿನವಾದ್ರೂ ಇದು ಯಾಕೆ ಓಡ್ತಿದೆ ಅಂತ ಕೇಳಿದ್ನಾ?"

"ಎರಡು ವರ್ಷದಲ್ಲಿ ಮೊದಲ್ನೇ ಸಲ ಮುಳ್ಳು ಎದ್ದಿದೆ. ಇವತ್ತು ಬಿಟ್ರೆ ಮತ್ತೆ ಸಿಗಲ್ಲ."

"ಸಿಕ್ಕಿ ಏನಾಗ್ಬೇಕು ಈಗ?"

ಮೀಟರಣ್ಣ ಐದನೆಯದನ್ನೂ ಕಿತ್ತು ಜೇಬಿಗೆ ಹಾಕಿಕೊಂಡ. ತಮ್ಮ ಇನ್ನೊಂದಿಷ್ಟು ಹೊತ್ತು ನಿಂತು, ಅರ್ಧ ಸರಿಸಿದ ಕಾರಿನ ಹೊದಿಕೆಯನ್ನು ಪೂರ್ತಿ ತೆಗೆಯೋಣವೆಂದು ಜಗ್ಗಿದ. ಪರ್ ಎಂದು ಎಲ್ಲೋ ಹೊಲಿಗೆ ಬಿಚ್ಚಿತು. "ಬಿಡು, ಬಾನೆಟ್ ಕಂಡ್ರೆ ಸಾಕು ನನಗೆ," ಎಂದ ಮೀಟರಣ್ಣ. ತಮ್ಮ ಕೈಬಿಟ್ಟು ಒಳಗೆ ಹೋದ.

*

ಆ ಭಾನುವಾರಗಳಿಗೆ ಒಂದು ಕ್ರಮವಿತ್ತು. ಬೆಳಿಗ್ಗೆ ಹೆಂಡತಿ ಬಂದು, "ನಿಮ್ಮ ಸವತಿ ಎದ್ದಿಲ್ಲ ಕಣ್ರೀ," ಎನ್ನುತ್ತಿದ್ದಳು. ಸವತಿ ನಿನಗಲ್ಲವೇ ಎಂದು ಅವನು ಎಂದೂ ತಿದ್ದಲಿಲ್ಲ. ವಾರದ ಏಳೂ ದಿನ ಅಂಗಡಿ ತೆರೆಯುವವನು ಅಂದು ಮಾತ್ರ ಮೀಟರಿನ ಡಬ್ಬಿ ಹಿಡಿದು ಮನೆಯ ಹಿಂದಕ್ಕೆ ಹೋಗುತ್ತಿದ್ದ. ಬ್ಯಾಟರಿಗೆ ಚಾರ್ಜು ಕೊಟ್ಟು, ನಡುವೆ ಮೀಟರು ಸೇರಿಸಿ, ಕಾರಿನ ಬಾಗಿಲುಗಳನ್ನೆಲ್ಲ ಮುಚ್ಚಿ, ಮುಕ್ಕಾಲು ಗಂಟೆ ಕಾಯುತ್ತಿದ್ದ. ನಿಂತ ಕಾರೂ ಚೂರು ಕುಡಿಯುತ್ತದೆ; ಗಡಿಯಾರಕ್ಕೊಂದು ಗುಟುಕು ಬೇಕು. ಅದಕ್ಕಿಂತ ಹೆಚ್ಚು ಕುಡಿದರೆ ಕಳ್ಳ ಇದ್ದಾನೆ ಎಂದರ್ಥ; ಆಗ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರೆ, ಯಾವುದಕ್ಕೆ ಮುಳ್ಳು ಇಳಿಯುತ್ತದೋ ಕಳ್ಳ ಆ ದಾರಿಯಲ್ಲಿ. ಮೀಟರು ಪ್ರತಿ ಸಲವೂ ಆ ಒಂದೇ ಗುಟುಕನ್ನು ತೋರಿಸುತ್ತಿತ್ತು.

ಕಾಯುವ ಆ ಮುಕ್ಕಾಲು ಗಂಟೆಯಲ್ಲಿ ಅವಳು ಸ್ಟೂಲು ತಂದು ಪಕ್ಕದಲ್ಲಿ ಕೂರುತ್ತಿದ್ದಳು, ಟಾರ್ಚು ಹಿಡಿಯಲು. ಹಗಲಿನಲ್ಲಿ ಟಾರ್ಚು ಬೇಕಿರಲಿಲ್ಲ, ಆದರೂ ಹಿಡಿಯುತ್ತಿದ್ದಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ಯಾರ ದನಿಯನ್ನು ಒಮ್ಮೆ ಕೇಳಿದರೂ ಗಂಟಲಿಗೆ ಇಳಿಸಿಕೊಂಡುಬಿಡುತ್ತಿದ್ದಳು. ಅವನು ಕಾರಿನ ಅಡಿಗೆ ತೂರಿದಾಗ ಮೇಲಿನಿಂದ ನುಣುಪಾದ ದನಿ ಬರುತ್ತಿತ್ತು: "ನೀವು ಕರೆ ಮಾಡಿರುವ ಗಂಡ ಸದ್ಯ ಕಾರಿನ ಕೆಳಗಿದ್ದಾರೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

"ಟಾರ್ಚ್ ಎಡಕ್ಕೆ ಹಿಡಿ."

"ನಮ್ಮನೇಲಿ ಕರೆಂಟ್ ಹೋದ್ರೆ ಗಂಡ ಬರ್ತಾನೆ, ಕರೆಂಟ್ ಬಂದ್ರೆ ಗಂಡ ಹೋಗ್ತಾನೆ."

"ನಿನ್ನ ಎಡ ಅಲ್ಲ, ನನ್ನ ಎಡ."

ಮಧ್ಯಾಹ್ನದ ಹೊತ್ತಿಗೆ ಕಳ್ಳ ಸಿಕ್ಕಿರುತ್ತಿರಲಿಲ್ಲ. ಡೈನಮೋ ಬದಲಾಯಿಸಿದ, ರೇಡಿಯೋ ಕಿತ್ತು ಹೊರಗಿಟ್ಟ, ಎರಡು ಸಲ ಹೊಸ ಬ್ಯಾಟರಿ ಹಾಕಿದ. ಕಾರಿನ ಒಳಚಾವಣಿಯ ಪುಟ್ಟ ಬಲ್ಬು ಮೂರು ಸಲ ಸುಟ್ಟಿತ್ತು. ಮೂರು ಸಲವೂ ಹೊಸದು ಹಾಕಿದ. ಪಕ್ಕದ ಸೀಟಿನ ಕೆಳಗೆ ಆಗಾಗ ಅಂಗಿಯ ಗುಂಡಿಗಳು ಸಿಗುತ್ತಿದ್ದವು. ಬಿಳಿಯವು, ನೀಲಿಯವು, ನಾಲ್ಕು ತೂತಿನವು. ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯದು. ಆದ್ದರಿಂದ ಅವುಗಳ ಮೇಲೆ ಅನುಮಾನ ಪಡದೆ ಕಾರಿನ ಬೂದಿಬಟ್ಟಲಿಗೆ ಹಾಕಿ ಮುಚ್ಚಿದ.

"ಏನು ಹೇಳತ್ತೆ ನಿಮ್ಮ ಮೀಟರು?" ಎಂದು ಅವಳು ಕೇಳುತ್ತಿದ್ದಳು.

"ಎಲ್ಲ ಸರಿ ಇದೆ ಅನ್ನತ್ತೆ."

"ಹಾಗಾದ್ರೆ ಇನ್ನೊಂದು ಭಾನುವಾರ ನೋಡ್ಬೇಕಾಯ್ತು."

*

ಒಳಗಿನ ಮಾತು ಕಿಟಕಿಯಿಂದ ಕೇಳುತ್ತಿತ್ತು. ಅವಳ ಜೊತೆ ಕೆಲಸ ಮಾಡಿದ್ದ ಹೆಂಗಸೊಬ್ಬಳು ಹೇಳುತ್ತಿದ್ದಳು: "ಸೂಪರ್‌ವೈಸರ್ ದನಿ ತೆಗೆದು 'ಯಾರ್ರೀ ಅದು ಹರಟೆ?' ಅಂದ್ರೆ, ನಿಜವಾದ ಸೂಪರ್‌ವೈಸರೇ ಬೆಚ್ಚಿ ಫೈಲ್ ತೆಗೀತಿದ್ದ." ಯಾರೋ ನಕ್ಕರು. ನಕ್ಕದ್ದು ತಪ್ಪಾಯಿತೇನೋ ಎಂಬಂತೆ ಎಲ್ಲರೂ ಒಟ್ಟಿಗೆ ಸುಮ್ಮನಾದರು. ಕುರ್ಚಿಯೊಂದು ನೆಲಕ್ಕೆ ಕೆರೆದ ಸದ್ದು ಬಂತು.

ಮೀಟರಣ್ಣನಿಗೆ ನಗುವೂ ಬರಲಿಲ್ಲ, ಇನ್ನೊಂದೂ ಬರಲಿಲ್ಲ. ಆರು ದಿನದಿಂದ ಅವನ ಒಳಗೆ ಮೇನ್ ಸ್ವಿಚ್ಚನ್ನೇ ಯಾರೋ ಇಳಿಸಿದಂತಿತ್ತು. ಊಟ ಎಂದರೆ ಉಂಡ, ಸಹಿ ಎಂದರೆ ಹಾಕಿದ, ಸೀರೆ ಯಾವುದು ಎಂದರೆ ಕಪಾಟು ತೋರಿಸಿದ. ಬೆರಳುಗಳು ಮಾತ್ರ ತಮ್ಮ ಕೆಲಸ ಮರೆತಿರಲಿಲ್ಲ. ಆರನೆಯದನ್ನು ಕಿತ್ತವು. ಮುಳ್ಳು ಅಲ್ಲೇ ಇತ್ತು.

*

ಹೋದ ಭಾನುವಾರ ಬೆಳಕು ಹರಿಯುವ ಮುಂಚೆ ಅವಳು ಹಾಸಿಗೆಯಲ್ಲಿ ಎದ್ದು ಕೂತು, "ಎದೆ ಮೇಲೆ ಯಾರೋ ಕೂತಂಗಿದೆ ಕಣ್ರೀ," ಎಂದಿದ್ದಳು. ಯಾರ ದನಿಯಲ್ಲೂ ಅಲ್ಲ, ತನ್ನದೇ ದನಿಯಲ್ಲಿ. ಅವನು ಹೊದಿಕೆಯನ್ನು ಡ್ರೈವರಿನ ಬಾಗಿಲಷ್ಟು ಸರಿಸಿ, ಒಳಗೆ ತೂರಿ, ಕೀಲಿ ತಿರುಗಿಸಿದ. ಟಿಕ್ ಎಂದಿತು. ಇನ್ನೊಮ್ಮೆ. ಟಿಕ್. ಬೇರೆ ಬ್ಯಾಟರಿಗಳೆಲ್ಲ ಅಂಗಡಿಯಲ್ಲಿದ್ದವು, ಹದಿನಾಲ್ಕು, ತುಂಬಿ ತುಳುಕುವಷ್ಟು ಚಾರ್ಜಾಗಿ. ಅಂಬುಲೆನ್ಸ್ ಬರಲು ನಲವತ್ತು ನಿಮಿಷ ಹಿಡಿಯಿತು.

ಆಸ್ಪತ್ರೆಯಲ್ಲಿ ಅವಳು ನಾಲ್ಕು ದಿನ ಕಣ್ಣು ಬಿಡಲಿಲ್ಲ. ಡಾಕ್ಟರು ಒಳ್ಳೆಯವನು, ಚಿಕ್ಕ ವಯಸ್ಸಿನವನು. "ಇನ್ನೊಂದು ಅರ್ಧ ಗಂಟೆ ಮುಂಚೆ ಬಂದಿದ್ರೆ..." ಎಂದು ಶುರು ಮಾಡಿ, ಮೀಟರಣ್ಣನ ಮುಖ ನೋಡಿ, "ಆಗ್ಲೂ ಹೇಳಕ್ಕಾಗ್ತಿರ್ಲಿಲ್ಲ," ಎಂದು ಮುಗಿಸಿದ.

ಆ ಅರ್ಧ ಗಂಟೆ ಈ ಕಾರಿನೊಳಗೇ ಎಲ್ಲೋ ಇತ್ತು. ಯಾವುದೋ ಸವೆದ ವೈರಿನಲ್ಲಿ, ತುಕ್ಕು ಹಿಡಿದ ಯಾವುದೋ ಸಂದಿಯಲ್ಲಿ. ತಾನು ಎರಡು ವರ್ಷ ನೋಡಿಯೂ ನೋಡದೆ ಬಿಟ್ಟದ್ದು. ಅದನ್ನು ಕಣ್ಣಾರೆ ಕಾಣದೆ ಅವಳ ಹಿಂದೆ ಹೋಗಲು ಅವನಿಗೆ ಕಾಲು ಬರುತ್ತಿರಲಿಲ್ಲ.

*

ಒಂಬತ್ತನೆಯ ಫ್ಯೂಸು ಕಿತ್ತಾಗ ಮುಳ್ಳು ಜರ್ರನೆ ಕೆಳಗಿಳಿಯಿತು.

ವಾಪಸ್ಸು ಹಾಕಿದ. ಎದ್ದಿತು. ಕಿತ್ತ. ಇಳಿಯಿತು. ಫ್ಯೂಸನ್ನು ಅದರ ಮನೆಗೇ ಕೂರಿಸಿ, ಹೊದಿಕೆಯನ್ನು ಹಿಡಿದು ಹಿಂದಕ್ಕೆ ಎಳೆದ. ಕಿಟಕಿಯ ಗಾಜಿನಾಚೆ, ಒಳಚಾವಣಿಯಲ್ಲಿ, ಪುಟ್ಟ ದೀಪ ಉರಿಯುತ್ತಿತ್ತು.

ಬಾಗಿಲು ತೆರೆದು ಡ್ರೈವರಿನ ಸೀಟಿನಲ್ಲಿ ಕೂತ. ದೀಪದ ಸ್ವಿಚ್ಚಿಗೆ ಮೂರು ಜಾಗ: ಆರಿಸಲು, ಬಾಗಿಲು ತೆಗೆದಾಗ ಮಾತ್ರ ಹೊತ್ತಲು, ಸದಾ ಹೊತ್ತಲು. ಅದು ಸದಾ ಹೊತ್ತುವಲ್ಲಿತ್ತು. ಮೇಲಿನ ಪ್ಲಾಸ್ಟಿಕ್ಕಿನ ಮುಚ್ಚಳ ಒಳಗಿನಿಂದ ಕಂದಿ ಕಂದಾಗಿತ್ತು. ಐದು ನಿಮಿಷ ಉರಿಯುವ ದೀಪ ಹಾಗೆ ಕಂದುವುದಿಲ್ಲ. ಗಂಟೆಗಟ್ಟಲೆ ಉರಿದಿರಬೇಕು, ವರ್ಷಗಟ್ಟಲೆ. ಮೂರು ಬಲ್ಬು ಬದಲಾಯಿಸಿದವನಿಗೆ ಇದು ಕಾಣಲಿಲ್ಲ. ಬೇರೆಯವರ ಗಾಡಿಯಾಗಿದ್ದರೆ ಮೊದಲ ಬಲ್ಬಿಗೇ ಕೇಳುತ್ತಿದ್ದ: ರಾತ್ರಿ ಇದರಲ್ಲಿ ಯಾರು ಕೂರ್ತಾರೆ?

ಬಾಗಿ ಪಕ್ಕದ ಸೀಟಿನ ಕೆಳಗೆ ಕೈಯಾಡಿಸಿದ. ಒಂದು ಗುಂಡಿ ಸಿಕ್ಕಿತು. ಹಸಿರು.

ಗುಂಡಿ ಹಿಡಿದುಕೊಂಡೇ ಅವನು ಹಿಂಬಾಗಿಲಿಗೆ ಬಂದ. ಪಕ್ಕದ ಮನೆಯ ಟೈಲರಮ್ಮ ಅಡುಗೆಮನೆಯಲ್ಲಿ ಲೋಟಗಳನ್ನು ತೊಳೆಯುತ್ತಿದ್ದಳು. ಅವಳ ಕುಪ್ಪಸದ ಅಂಚಿಗೆ ಯಾವಾಗಲೂ ಇರುವಂತೆ ದಾರ ಪೋಣಿಸಿದ ಸೂಜಿ ಸಿಕ್ಕಿಕೊಂಡಿತ್ತು.

"ಇದು ನಿಮ್ಮದಾ?"

ಅವಳು ಗುಂಡಿ ನೋಡಿದಳು. ನಲ್ಲಿ ನಿಲ್ಲಿಸಿದಳು.

"ಹೌದಣ್ಣ. ಸ್ಕೂಲ್ ಯೂನಿಫಾರ್ಮಿಂದು. ಹುಡುಕ್ತಾ ಇದ್ದೆ."

"ಕಾರಲ್ಲಿತ್ತು."

"ಇರತ್ತೆ." ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. "ಶನಿವಾರ ಸಂಜೆ ನಾವಿಬ್ರೂ ಅಲ್ಲೇ ಕೂರ್ತಿದ್ವಿ. ನೀವು ಅಂಗಡಿಯಿಂದ ಬರೋದು ಹತ್ತು ಗಂಟೆ. ಮನೇಲಿ ಹತ್ತು ದನೀಲಿ ಮಾತಾಡಿದ್ರೆ ಹುಚ್ಚಿ ಅಂತಾರೆ, ಕಾರಲ್ಲಿ ಮಾತಾಡಿದ್ರೆ ಫೋನಲ್ಲಿದಾಳೆ ಅನ್ಕೋತಾರೆ ಅಂತಿದ್ಲು. ಅವಳ ಹಳೇ ಆಫೀಸಿನ ಕ್ಯಾಬಿನ್ನೂ ಅಷ್ಟೇ ದೊಡ್ಡದಂತೆ. ನಾನು ಗುಂಡಿ ಹೊಲೀತಾ ಇರ್ತಿದ್ದೆ, ಅವಳು ಎಲ್ಲರ ದನೀನೂ ಮಾಡೋಳು. ನಿಮ್ಮದೂ ಮಾಡ್ತಿದ್ಲು."

"ನಂದಾ? ನಾನು ಮಾತೇ ಆಡಲ್ಲವಲ್ಲ."

"ಅದನ್ನೇ ಮಾಡ್ತಿದ್ಲು. ಸುಮ್ನೆ ಕೂತು ಒಂದು ಸಲ 'ಹ್ಞೂಂ' ಅನ್ನೋಳು. ನಾನು ಸೂಜಿ ಚುಚ್ಕೋತಿದ್ದೆ ನಕ್ಕು ನಕ್ಕು."

"ಹ್ಞೂಂ," ಎಂದ ಮೀಟರಣ್ಣ.

ಟೈಲರಮ್ಮ ನಗಲು ಹೋದಳು. ತಲೆ ತಗ್ಗಿಸಿದಳು.

"ದೀಪ ಆರಿಸೋದು ಮರೀತಿದ್ರಾ?"

"ಮೊದಲ್ನೇ ಸಲ ಮರೆತಿದ್ವಿ."

ಅವನು ಕಾದ. ಮುಕ್ಕಾಲು ಗಂಟೆ ಕಾದು ಅಭ್ಯಾಸವಿದ್ದವನು.

"ಮಾರನೇ ದಿನ ನೀವು ಅಂಗಡಿಗೆ ಹೋಗ್ಲಿಲ್ಲ. ಅವಳ ಜೊತೆ ಹಿಂದುಗಡೆ ಮಧ್ಯಾಹ್ನದವರೆಗೆ ಕೂತಿದ್ರಿ. ಆಮೇಲಿಂದ..." ಟೈಲರಮ್ಮ ನಲ್ಲಿಯ ಕಡೆ ನೋಡಿದಳು. "ಆಮೇಲಿಂದ ಮರೆತದ್ದಲ್ಲ. ನಾನು ಇಳಿಯುವಾಗ ಆರಿಸಕ್ಕೆ ಹೋದ್ರೆ ಕೈ ಹಿಡ್ಕೊಳ್ಳೋಳು. 'ಇರ್ಲಿ ಬಿಡೇ, ನಾಳೆ ನಮ್ಮೆಜಮಾನ್ರಿಗೆ ಕೆಲಸ ಬೇಡ್ವಾ?' ಅಂತ. ದೀಪ ಕಾಣದ ಹಾಗೆ ಮೇಲೆ ಹೊದಿಕೆ ಎಳೆಯೋಳು. ಬೆಳಿಗ್ಗೆ ನೀವು ಏಳೋ ಮುಂಚೆ ಹಾಲು ತರಕ್ಕೆ ಹೋದಾಗ ಆರಿಸಿ ಬರೋಳು."

"ಪ್ರತಿ ಸಲ?"

"ಪ್ರತಿ ಸಲ."

"ಹೋದ ಭಾನುವಾರ?"

ಟೈಲರಮ್ಮ ತೊಳೆದ ಲೋಟವೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. "ಹೋದ ಭಾನುವಾರ ಹಾಲಿಗೆ ಯಾರೂ ಹೋಗ್ಲಿಲ್ಲವಲ್ಲ ಅಣ್ಣ."

ಒಳಗಿನಿಂದ ತಮ್ಮನ ದನಿ ಬಂತು, ವ್ಯಾನು ಬಂದಿದೆ ಎಂದು.

ಮೀಟರಣ್ಣ ಗುಂಡಿಯನ್ನು ಅವಳ ಒದ್ದೆ ಕೈಯಲ್ಲಿಟ್ಟ. ಹೊರಗೆ ಹೋಗಿ ಜೇಬಿನ ಎಂಟು ಫ್ಯೂಸುಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಕೂರಿಸಿದ. ಮೀಟರು ಬಿಚ್ಚಿ ಡಬ್ಬಿಗೆ ಹಾಕಿ, ಬ್ಯಾಟರಿಯ ತಂತಿ ಬಿಗಿದು, ಬಾನೆಟ್ಟು ಮುಚ್ಚಿದ. ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸೋಪು ಹಚ್ಚಿ ಮತ್ತೆ ತೊಳೆದ. ನಂತರ ಒಳಗೆ ಹೋಗಿ ಅವಳ ಪಕ್ಕ, ಎಲ್ಲರೂ ಜಾಗ ಬಿಟ್ಟುಕೊಟ್ಟ ಕಡೆ, ನಿಂತ.

*

ವ್ಯಾನಿನ ಹಿಂದೆ ಅವನು ಅವಳ ಕಾರನ್ನು ಓಡಿಸಿಕೊಂಡು ಹೋದ. ಕೀಲಿ ತಿರುಗಿಸಿದ ಕೂಡಲೇ ಅದು ಎದ್ದಿತ್ತು. ಪಕ್ಕದಲ್ಲಿ ತಮ್ಮ, ಹಿಂದೆ ಟೈಲರಮ್ಮ. ಸಿಗ್ನಲ್ಲಿನಲ್ಲಿ ನಿಂತಾಗ ತಮ್ಮ ಮೇಲೆ ನೋಡಿ, "ಭಾವ, ಹಗಲಲ್ಲಿ ದೀಪ ಉರೀತಿದೆ," ಎಂದು ಕೈ ಎತ್ತಿದ.

"ಇರ್ಲಿ ಬಿಡು," ಎಂದ ಮೀಟರಣ್ಣ.

ಹಿಂದಿನ ಸೀಟಿನಲ್ಲಿ ಟೈಲರಮ್ಮ ಕಿಟಕಿಯ ಕಡೆ ತಿರುಗಿಕೊಂಡಳು.

ಮಣ್ಣು ಮಾಡುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಾರೋ ನಾಲ್ಕು ಮಾತಾಡಿದರು. ಒಳ್ಳೆಯ ಹೆಂಗಸು, ಎಲ್ಲರ ಲೈನನ್ನೂ ಜೋಡಿಸಿದವಳು ಎಂದರು. ಮೀಟರಣ್ಣನೂ ಏನಾದರೂ ಹೇಳಬೇಕೆಂದು ಕಾದರು. ಸಲಿಕೆ ಹಿಡಿದವನು ಒಮ್ಮೆ ಅವನತ್ತ ನೋಡಿ ಕೆಲಸ ಮುಂದುವರಿಸಿದ.

ಸಂಜೆಯ ಹೊತ್ತಿಗೆ ಬಂದವರೆಲ್ಲ ಹೋದರು. ತಮ್ಮ ಹೊರಡುವ ಮುಂಚೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನಿಂತ.

"ಸಿಕ್ತಂತಲ್ಲ ಭಾವ. ಏನಾಗಿತ್ತು?"

"ಏನೂ ಆಗಿರ್ಲಿಲ್ಲ. ಕಾರು ಸರಿಯಾಗೇ ಇತ್ತು."

"ಮತ್ತೆ ಅಂಗಡಿ ಯಾವಾಗ ತೆಗೀತೀಯ? ಸೋಮವಾರಾನಾ?"

"ಸೋಮವಾರ. ನಾಳೆ ಭಾನುವಾರ, ಕಾರು ನೋಡ್ಬೇಕು."

ತಮ್ಮ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡು ಹೊರಟ.

ಮೀಟರಣ್ಣ ಹಿಂದೆ ಹೋಗಿ ಸ್ಟೂಲನ್ನು ಕಾರಿನ ಪಕ್ಕಕ್ಕೆ ತಂದಿಟ್ಟ. ಟಾರ್ಚನ್ನು ಅದರ ಮೇಲೆ ಇಟ್ಟ. ಕಾರಿನೊಳಗೆ ತಲೆ ಹಾಕಿ ದೀಪ ಉರಿಯುತ್ತಿರುವುದನ್ನು ನೋಡಿ, ಬಾಗಿಲು ಮುಚ್ಚಿ, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಹೊದಿಕೆ ಎಳೆದು ಸರಿಮಾಡಿದ. ಬೆಳಿಗ್ಗೆ ಹೊಲಿಗೆ ಬಿಚ್ಚಿದ ಕಡೆಯಿಂದ ಹಳದಿ ಬೆಳಕು ಹೊರಬಂದು, ಸ್ಟೂಲಿನ ಮೇಲೆ ಗುಂಡಿಯಷ್ಟಗಲ ಬಿದ್ದಿತ್ತು.