ಮೇಲಕ್ಕೇ ತೇಲುವ ಮೀನು

ಚಿಕ್ಕಮ್ಮ ಮತ್ತೆ ಸೋಪು ಹಚ್ಚಿ ಉಜ್ಜಿದಳು. ತೀರಿಕೊಂಡ ಅಕ್ಕನ ಬೆರಳುಗಳ ನೀಲಿ ಹೋಗುತ್ತಲೇ ಇರಲಿಲ್ಲ. ಉಗುರಿನ ಸಂದಿಯಲ್ಲಿ, ಗೆಣ್ಣಿನ ಸುಕ್ಕುಗಳಲ್ಲಿ ಕಚ್ಚಿಕೊಂಡು ಕೂತಿತ್ತು.

"ಬಿಡು ಚಿಕ್ಕಮ್ಮ, ಬದುಕಿದ್ದಾಗ್ಲೇ ಹೋಗ್ಲಿಲ್ಲ," ಎಂದಳು ಅಕ್ಕನ ಮಗಳು.

"ನೋಡ್ದೋರು ವಿಷ ಕುಡಿದ್ಳು ಅಂದ್ಕೊಳ್ತಾರೆ ಕಣೇ."

"ಈ ಬೀದೀಲಿ ಯಾರೂ ಅಂದ್ಕೊಳ್ಳಲ್ಲ."

ಅದು ನಿಜ. ಮೀನಿನ ಔಷಧಿಯ ಆ ನೀಲಿ ಬೀದಿಗೆಲ್ಲ ಗೊತ್ತು. ಸಾಕುಮೀನಿಗೆ ಕಾಯಿಲೆಯಾದರೆ ಜನ ಬರುತ್ತಿದ್ದುದು ಈ ಅಂಗಡಿಗೆ, ಮೀನಮ್ಮನ ಹತ್ತಿರ. ನಿನ್ನೆ ಸಂಜೆ ಅವಳು ಗಾಜಿನ ತೊಟ್ಟಿಯೊಂದರ ಮುಂದೆ ಸ್ಟೂಲಿನ ಮೇಲೆ ಕೂತಂತೆಯೇ ಹೋಗಿಬಿಟ್ಟಿದ್ದಳು. ಪಕ್ಕದ ಔಷಧದಂಗಡಿಯವನು ಬಂದು ಬಹಳ ಹೊತ್ತು ಅವಳ ಜೊತೆ ಮಾತಾಡಿದ್ದ. ಉತ್ತರ ಬಾರದಿದ್ದುದು ಅವನಿಗೆ ವಿಶೇಷವೆನಿಸಿರಲಿಲ್ಲ. ಕಾಯಿಲೆ ಮೀನು ಎದುರಿಗಿದ್ದರೆ ಅವಳು ಯಾರಿಗೂ ಉತ್ತರ ಕೊಡುತ್ತಿರಲಿಲ್ಲ.

ಮನೆ ಇರುವುದು ಮೇಲಿನ ಅಂತಸ್ತಿನಲ್ಲಿ. ಮೆಟ್ಟಿಲು ಕಡಿದಾದ್ದರಿಂದ ಅವಳನ್ನು ಅಂಗಡಿಯಲ್ಲೇ ಮಲಗಿಸಿದ್ದರು. ಸುತ್ತಲಿನ ತೊಟ್ಟಿಗಳ ಬೆಳಕು ಮುಖದ ಮೇಲೆ ತೆಳ್ಳಗೆ ಅಲುಗುತ್ತಿತ್ತು.

ಮಾವ, ಅಂದರೆ ಮೀನಮ್ಮನ ತಮ್ಮ, ಬಾಗಿಲಲ್ಲಿ ಫೋನು ಕಿಸೆಗಿಳಿಸಿ ಮಗಳತ್ತ ತಿರುಗಿದ. "ಮೀನು ವ್ಯಾಪಾರಿ ಸಂಜೆ ಬರ್ತಾನಂತೆ. ತೊಟ್ಟಿ, ಮೀನು ಎಲ್ಲಾ ಒಟ್ಟಿಗೆ ಒಯ್ತಾನೆ. ನೀನು ಊರಿಗೆ ಹೋದ್ಮೇಲೆ ಇವಕ್ಕೆ ದಿಕ್ಕು ಯಾರು?"

ಮಗಳು ಆಯಿತೆಂದು ತಲೆಯಾಡಿಸಿದಳು. ಈ ಅಂಗಡಿಯ ಪಾಚಿ ವಾಸನೆಯಿಂದ ಬಿಡಿಸಿಕೊಂಡರೆ ಸಾಕು ಎಂದೇ ಅವಳು ಬೇರೆ ಊರಿಗೆ ಹೋಗಿ ಪರದೆ ಹೊಲಿಯುವ ಕೆಲಸ ಹಿಡಿದಿದ್ದಳು.

*

ಆಗ ಅವಳಿನ್ನೂ ಚಿಕ್ಕವಳು. ಶಾಲೆಯ ವಾರ್ಷಿಕೋತ್ಸವಕ್ಕೆ ಅಮ್ಮ ನೀಲಿ ಬೆರಳುಗಳ ಸಮೇತ ಬಂದಿದ್ದಳು.

"ನೀವು ಇಂಕ್ ಫ್ಯಾಕ್ಟರೀಲಿ ಕೆಲಸ ಮಾಡ್ತೀರಂತೆ?" ಎಂದು ಟೀಚರ್ ಕೇಳಿದರು.

ಅಮ್ಮ ಮಗಳ ಕಡೆ ನೋಡಿದಳು. ಮಗಳು ನೆಲ ನೋಡುತ್ತಿದ್ದಳು.

"ಹೌದು ಮಿಸ್, ನೀಲಿ ವಿಭಾಗ. ಕೆಂಪು ವಿಭಾಗಕ್ಕೆ ಇನ್ನೂ ಬಡ್ತಿ ಸಿಕ್ಕಿಲ್ಲ."

ಮನೆಗೆ ಬಂದ ಮೇಲೆ ಅಮ್ಮ ಬೈಯಲಿಲ್ಲ. ಕಾಯಿಲೆ ಮೀನುಗಳನ್ನು ಬೇರೆ ಇಡುತ್ತಿದ್ದ 'ಆಸ್ಪತ್ರೆ ತೊಟ್ಟಿ'ಯ ಮುಂದೆ ಅವಳನ್ನು ಕೂರಿಸಿದಳು.

"ಏನು ಕಾಣುತ್ತೆ?"

"ಮೀನು."

"ಇನ್ನೂ ನೋಡು."

ನೋಡುತ್ತ ನೋಡುತ್ತ ಕಂಡಿತು. ರೆಕ್ಕೆ ಮುದುಡಿಕೊಂಡ ಮೀನೊಂದು ಆಗಾಗ ಕಲ್ಲಿಗೆ ಮೈ ಉಜ್ಜುತ್ತಿತ್ತು. "ಅಮ್ಮಾ, ಅದರ ಮೇಲೆ ಯಾರೋ ಉಪ್ಪು ಉದುರಿಸಿದ್ದಾರೆ!"

"ಭೇಷ್! ಅದೇ ಬಿಳಿ ಚುಕ್ಕೆ ರೋಗ. ನೀರನ್ನ ಸ್ವಲ್ಪ ಸ್ವಲ್ಪವೇ ಬೆಚ್ಚಗೆ ಮಾಡ್ಬೇಕು, ಔಷಧಿ ಹಾಕ್ಬೇಕು. ಚುಕ್ಕೆ ಉದುರಿದ ತಕ್ಷಣ ಗುಣ ಆಯ್ತು ಅಂತ ಕೈ ತೊಳ್ಕೋಬಾರ್ದು. ರೋಗ ತಳದಲ್ಲಿ ಕೂತು ಮರಿ ಹಾಕ್ತಿರುತ್ತೆ."

ಆಮೇಲೆ ನೀಲಿ ಬೆರಳನ್ನು ಮಗಳ ಮೂಗಿನ ತುದಿಗೆ ಒತ್ತಿ, "ಇನ್ಮೇಲೆ ನೀನೂ ಫ್ಯಾಕ್ಟರಿ ಕೆಲಸದೋಳು," ಎಂದು ನಕ್ಕಳು.

*

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಜನ ಬೀದಿಯವರೆಗೂ ನಿಂತಿದ್ದರು. ಲಿಫ್ಟ್ ರಿಪೇರಿಯ ಸಮವಸ್ತ್ರ ತೊಟ್ಟಿದ್ದ ಒಬ್ಬಾತ ಮುಚ್ಚಳವಿಲ್ಲದ ಡಬ್ಬಿಯೊಂದನ್ನು ತುಳುಕದಂತೆ ಹಿಡಿದು ಬಂದು ಔಷಧದಂಗಡಿಯವನ ಹಿಂದೆ ನಿಂತ.

"ಕ್ಯೂ ಇದೇನಾ ಸಾರ್? ಅಬ್ಬಬ್ಬಾ, ಎಲ್ಲರ ಮೀನಿಗೂ ಒಟ್ಟಿಗೇ ಕಾಯಿಲೆನಾ?"

ಮಾವ ಹತ್ತಿರ ಬಂದ. "ಏನಪ್ಪಾ ನಿಂದು?"

"ಮೇಲೆ ಹೋಗ್ಬಿಟ್ಟಿದೆ ಸಾರ್, ಕೆಳಗೆ ಬರ್ತಾನೇ ಇಲ್ಲ."

ಯಾರೋ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡರು. ಮಾವ ಮೆಲ್ಲಗೆ, "ನಮ್ಮಕ್ಕನೂ ಅಷ್ಟೇ," ಎಂದ.

ಆತ ಒಳಗೆ ಇಣುಕಿದ. ಟೋಪಿ ತೆಗೆದ. "ಅಯ್ಯೋ, ನಿನ್ನೆ ಬೆಳಿಗ್ಗೆ ತಾನೇ ಫೋನ್‌ನಲ್ಲಿ ಮಾತಾಡಿದ್ರು. ತಗೊಂಡ್ ಬಾ, ನೋಡೋಣ ಅಂದಿದ್ರು..." ಅಂದು ಹೊರಟುನಿಂತ.

ಮಗಳು ಎದ್ದು ಬಂದಳು. "ಅಮ್ಮ ಬಾ ಅಂದಿದ್ರಾ? ಕೊಡಿ ಇಲ್ಲಿ."

"ಹೊತ್ತುಗೊತ್ತು ಬೇಡ್ವೇನೇ?" ಎಂದ ಮಾವ. "ಸ್ಮಶಾನಕ್ಕೆ ಒಯ್ಯೋ ವ್ಯಾನ್ ಬರೋ ಹೊತ್ತಾಯ್ತು."

ಅವಳು ಡಬ್ಬಿಯನ್ನು ಮೂಗಿಗೆ ಹಿಡಿದು ಮೊದಲು ನೀರನ್ನು ಮೂಸಿದಳು. ನೀರು ಚೆನ್ನಾಗಿತ್ತು. ದುಂಡಗಿನ ಗೋಲ್ಡ್ ಫಿಶ್ ಒಂದು ಪಕ್ಕಕ್ಕೆ ವಾಲಿ ಬೆಂಡಿನಂತೆ ತೇಲುತ್ತಿತ್ತು.

"ಎಷ್ಟು ಸಲ ತಿನ್ನಿಸ್ತೀರಿ?"

"ಲೆಕ್ಕ ಇಟ್ಟಿಲ್ಲಮ್ಮ. ಪಾಪ, ಬಾಯಿ ಬಾಯಿ ಬಿಡುತ್ತೆ."

"ಅದು ಹೊಟ್ಟೆ ತುಂಬಿದ್ರೂ ಬಾಯಿ ಬಿಡುತ್ತೆ. ಹೊಟ್ಟೆ ಕಟ್ಕೊಂಡಿದೆ ಅದಕ್ಕೆ. ಮೂರು ದಿನ ಏನೂ ಹಾಕ್ಬೇಡಿ. ಆಮೇಲೆ ಒಂದು ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಚೂರು ಮಾಡಿ ಕೊಡಿ. ಅಲ್ಲೀವರೆಗೂ ನೀರು ಕಮ್ಮಿ ಇರ್ಲಿ, ಈಜಿ ಸುಸ್ತಾಗ್ಬಾರ್ದು."

ಒಳಗೆ ಕೂತಿದ್ದ ಚಿಕ್ಕಮ್ಮ ಗಕ್ಕನೆ ತಿರುಗಿ ನೋಡಿದಳು. ದನಿ ಅಕ್ಕನದೇ ಇದ್ದಂತಿತ್ತು.

"ಮೂರು ದಿನ ಉಪವಾಸಾನಾ? ನನ್ ಕೈಲಾಗಲ್ಲಮ್ಮ. ಅದು ನನ್ನನ್ನೇ ನೋಡುತ್ತೆ."

"ಹಾಗಾದ್ರೆ ಇಲ್ಲೇ ಬಿಟ್ಟು ಹೋಗಿ."

"ಇಲ್ಲೆಲ್ಲಿ ಬಿಡ್ತಾನೆ?" ಎಂದ ಮಾವ. "ಸಂಜೆ ತೊಟ್ಟಿ ಎಲ್ಲಾ ಹೋಗುತ್ತಲ್ಲೇ!"

ಅವಳು ಡಬ್ಬಿಯನ್ನು ಹಿಂದಕ್ಕೆ ಕೊಡಲಿಲ್ಲ. "ಆಸ್ಪತ್ರೆ ತೊಟ್ಟಿ ಇರ್ಲಿ ಮಾವ. ಬೇರೆಯವು ಹೋಗ್ಲಿ."

ಆ ತೊಟ್ಟಿಯಲ್ಲಿ ಮೀನಿರಲಿಲ್ಲ, ನೀರು ಮಾತ್ರ ತುಂಬಿತ್ತು. ನೀರು ಇಳಿಸಲು ಅವಳು ಪೈಪಿನ ತುದಿಯನ್ನು ಬಾಯಿಗಿಟ್ಟು ಎಳೆದಳು. ನೀರು ಬಾಯಿಗೇ ನುಗ್ಗಿತು. ಚಿಕ್ಕಂದಿನ ಅದೇ ರುಚಿ. ಉಗಿದಳು, ಪೈಪನ್ನು ಬಕೆಟ್ಟಿಗೆ ಬಿಟ್ಟಳು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ನೀರು ಇಳಿಯುವಷ್ಟು ಹೊತ್ತೂ ಅಳುತ್ತಲೇ ಇದ್ದಳು. ಚಿಕ್ಕಮ್ಮ ಬಂದು ಬಕೆಟ್ ತುಂಬಿ ಚೆಲ್ಲದಂತೆ ಪೈಪು ಹಿಡಿದುಕೊಂಡಳು.

ವ್ಯಾನ್ ಬಂತು. ಮೀನಮ್ಮನನ್ನು ಎತ್ತುವಾಗ ಒಬ್ಬರು ಕಮ್ಮಿ ಬಿದ್ದರು. ಲಿಫ್ಟಿನವನು ಮುಂದೆ ಬಂದು ಹೆಗಲು ಕೊಟ್ಟ. "ಜನರನ್ನ ಹತ್ತಿಸಿ ಇಳಿಸೋದೇ ನನ್ನ ಕೆಲಸ," ಎಂದ, ಯಾರೂ ಕೇಳದಿದ್ದರೂ.

*

ಎಲ್ಲ ಮುಗಿಸಿ ಬರುವಾಗ ಬಿಸಿಲು ಇಳಿದಿತ್ತು. ವ್ಯಾಪಾರಿಯ ಆಳುಗಳು ತೊಟ್ಟಿಗಳನ್ನು ಒಂದೊಂದಾಗಿ ಹೊತ್ತೊಯ್ದರು. ತೊಟ್ಟಿಗಳಿದ್ದ ಕಡೆ ಗೋಡೆಯ ಮೇಲೆ ಬಿಳಿ ಚೌಕಗಳು ಉಳಿದವು. ಮಗಳು ಕೆಲಸದ ಊರಿಗೆ ಫೋನ್ ಮಾಡಿ, ಈ ವಾರ ಬರಲಾಗುವುದಿಲ್ಲವೆಂದು ಹೇಳಿ ಕೆಳಗಿಳಿದು ಬಂದಳು.

ಅಂಗಡಿಯಲ್ಲಿ ಉರಿಯುತ್ತಿದ್ದುದು ಒಂದೇ ದೀಪ. ಅದರ ಕೆಳಗೆ, ಗೇಣು ಆಳದ ನೀರಿನಲ್ಲಿ, ಮೀನು ಇನ್ನೂ ಪಕ್ಕಕ್ಕೆ ವಾಲಿಕೊಂಡೇ ಇತ್ತು. ತೊಟ್ಟಿಯ ಮುಂದೆ ಮಾವನೂ ಲಿಫ್ಟಿನವನೂ ಮಂಡಿಯೂರಿ ಕೂತಿದ್ದರು. ಮೀನಿನ ಮುಖ ನೆಟ್ಟಗೆ ಕಾಣಲೆಂದು ಇಬ್ಬರೂ ಕತ್ತನ್ನು ಒಂದೇ ಕಡೆಗೆ, ಕಿವಿ ಭುಜಕ್ಕೆ ತಾಗುವಷ್ಟು, ವಾಲಿಸಿಕೊಂಡಿದ್ದರು.