ಮೇಕೆಯ ಕೊರಳ ಗಂಟೆ

ಅಂಗಿಯ ಕಾಲರಿನ ಮೇಲೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದ ದೊಡ್ಡಕ್ಕನ ಕೈ ಅಲ್ಲೇ ನಿಂತಿತು. "ಆಮೇಲೆ?" ಎಂದಳು.

"ತಡಿ ಅಕ್ಕ, ಪುಟ ತಿರುಗಿಸ್ಬೇಕಲ್ಲ," ಎಂದಳು ಪುಸ್ತಕ ಹಿಡಿದು ಕೂತಿದ್ದ ಕನ್ನಡಕದವಳು.

ಆ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಅದೊಂದು ರೂಢಿ. ಮಧ್ಯಾಹ್ನ ಒಬ್ಬಳು ಓದಬೇಕು, ಅವಳ ಪಾಲಿನ ಬಟ್ಟೆಯನ್ನು ಮಿಕ್ಕವರು ಹಂಚಿಕೊಳ್ಳಬೇಕು. ದಪ್ಪ ಗಾಜಿನ ಕನ್ನಡಕದವಳು ಓದಿದರೆ ಹುಲಿಗೆ ಹುಲಿಯ ದನಿ, ನರಿಗೆ ನರಿಯ ದನಿ. ಹಾಗಾಗಿ ಅವಳ ಪಾಲಿನ ಅಂಗಿಗಳಿಗೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಹಳೆಯ ಕಾಲದ ಪ್ರಾಣಿಕಥೆಗಳ ಆ ಪುಸ್ತಕ ಅವಳ ಮಗಳದ್ದು. ಮಗಳಿಗೆ ಅದು ಬೇಸರವಾಗಿತ್ತು, ಅಮ್ಮನಿಗೆ ಆಗಿರಲಿಲ್ಲ.

ಕಥೆ ಇಷ್ಟು. ಹುಲಿಯೊಂದು ಮೇಕೆಮರಿಯ ಕಾಲು ಮುರಿಯಿತು. ಮರಿಯ ದೊಡ್ಡಮ್ಮ ನ್ಯಾಯ ಕೇಳಲು ಗವಿಗೆ ಹೋದಳು. ಹುಲಿ ಗದರಲಿಲ್ಲ. ಕೂರಿಸಿ ಉಪಚರಿಸಿ, ನಿನ್ನಂಥವಳೇ ಮಂದೆಗೆ ಮುಂದಾಳಾಗಬೇಕು ಎಂದು ಕೊರಳಿಗೆ ಹಿತ್ತಾಳೆಯ ಗಂಟೆ ಕಟ್ಟಿತು. ಅಂದಿನಿಂದ ಮೇಕೆ ಕತ್ತೆತ್ತಿ ನಡೆಯಿತು. ಗಂಟೆ ಕೇಳಿದರೆ ಮಂದೆಯ ಮಾತು ನಿಲ್ಲುತ್ತಿತ್ತು. ಗಂಟೆ ಕೇಳಿದರೆ ಮಂದೆ ಎಲ್ಲಿದೆಯೆಂದು ಹುಲಿಗೂ ತಿಳಿಯುತ್ತಿತ್ತು.

"'ಹೀಗೆ ಮಂದೆ ಕರಗುತ್ತ ಬಂತು,'" ಕನ್ನಡಕದವಳು ಓದಿದಳು. "'ಆದರೆ ಆ ಮೇಕೆಯನ್ನು ಮಾತ್ರ ಹುಲಿ ಕೊನೆಯವರೆಗೂ ತಿನ್ನಲಿಲ್ಲ.'"

"ಪುಣ್ಯವಂತೆ," ಎಂದಳು ಒಬ್ಬಳು.

"ಪುಣ್ಯ ಎಲ್ಲಿಂದ ಬಂತೇ? ಅದನ್ನ ತಿಂದ್ರೆ ಗಂಟೆ ಅಲ್ಲಾಡಿಸೋರು ಯಾರು?" ಎಂದಳು ಇನ್ನೊಬ್ಬಳು.

ಕೋಣೆಯೆಲ್ಲ ನಕ್ಕಿತು. ನಗು ಅರ್ಧದಲ್ಲೇ ಉಡುಗಿತು. ಎಲ್ಲರ ಕಣ್ಣೂ ದೊಡ್ಡಕ್ಕನ ಸೊಂಟದ ಕಡೆ ಹೋಗಿ, ಕೂಡಲೇ ಬಟ್ಟೆಗಳತ್ತ ತಿರುಗಿದವು.

ಸೊಂಟದಲ್ಲಿ ಉಗ್ರಾಣದ ಬೀಗದ ಕೈಗಳ ಗೊಂಚಲಿತ್ತು.

ಪಕ್ಕದ ಕೋಣೆಯ ಪ್ರೆಸ್ ಮೆಷಿನ್ನಿನ ಮುಚ್ಚಳ ತಾನಾಗಿಯೇ ಬೀಳುತ್ತದೆ. ಹೋದ ವರ್ಷ ದೊಡ್ಡಕ್ಕನ ತಂಗಿಯ ಬಲಗೈ ಅದರಡಿ ಸಿಕ್ಕು ಬೆಂದುಹೋಯಿತು. ಅವಳದೇ ಅಜಾಗರೂಕತೆ ಎಂದು ಯಜಮಾನ ಮನೆಗೆ ಕಳಿಸಿಬಿಟ್ಟ. ದೊಡ್ಡಕ್ಕ ಕಾರ್ಮಿಕ ಅಧಿಕಾರಿಗೆ ಇದ್ದದ್ದು ಇದ್ದಂತೆ ಬರೆದು ಲಕೋಟೆ ಅಂಟಿಸಿದಳು. ಅದು ಹೇಗೋ ಯಜಮಾನನ ಕಿವಿಗೆ ಬಿತ್ತು. ಕರೆದು ಕುರ್ಚಿ ಕೊಟ್ಟ. "ನೀನು ಹಿರಿಯಳು, ಉಗ್ರಾಣ ನಿನ್ನ ಕೈಗೇ ಬಿಡ್ತೀನಿ. ತಂಗಿ ವಿಷಯ ನಾನೇ ನೋಡ್ಕೋತೀನಿ, ಸ್ವಲ್ಪ ತಡ್ಕೋ," ಎಂದು ಮೂಗಿಗೆ ತುಪ್ಪ ಸವರಿದ. ಲಕೋಟೆ ಟ್ರಂಕಿನ ತಳ ಸೇರಿತು. ಅವಳು ನಡೆದಾಗ ಗೊಂಚಲು ಝಣಝಣ ಎನ್ನುತ್ತಿತ್ತು, ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅದನ್ನವಳು ಮರ್ಯಾದೆ ಅಂದುಕೊಂಡಿದ್ದಳು.

ಈಗ ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದಳು.

ಅದೇ ಹೊತ್ತಿಗೆ ಯಜಮಾನ ಒಳಗೆ ಬಂದ. ಪುಸ್ತಕ ಕಿತ್ತುಕೊಂಡು ಹೊದಿಕೆಯ ಚಿತ್ರ ನೋಡಿದ. "ಏನಿದು, ಕಾಗೆ ಗುಬ್ಬಿ ಕಥೆನಾ? ಕೋಣದ ಹಾಗೆ ಬೆಳೆದಿದೀರಿ." ನಿಂತಲ್ಲೇ ಪುಟ ಓದಿ ಕಿಸಕ್ಕನೆ ನಕ್ಕ. "ಹುಲಿ ಬುದ್ಧಿವಂತ ಬಿಡು. ನನ್ನ ಮಗನಿಗೆ ಓದಿಸ್ಬೇಕು."



"ಏನ್ ದೊಡ್ಡಕ್ಕ, ನೀನಿದ್ದೂ ಹೀಗಾ? ಇನ್ಮೇಲೆ ಯಾರು ಓದ್ತಾರೆ, ಯಾರು ಕೇಳ್ತಾರೆ, ಬಂದು ನನಗೆ ಹೇಳ್ಬೇಕು."

"ಹೇಳ್ತೀನಿ. ಮೊದಲು ನೀವು ಹೇಳಿ, ಆ ಮುಚ್ಚಳ ಯಾವಾಗ ರಿಪೇರಿ ಮಾಡಿಸ್ತೀರಿ? ಅಲ್ಲಿ ಈಗ ಇನ್ನೊಬ್ಬಳು ನಿಂತಿದಾಳೆ."

"ಸ್ವಲ್ಪ ತಡ್ಕೋ ಅಂದಿದ್ನಲ್ಲ."

ದೊಡ್ಡಕ್ಕನ ದನಿ ಏರಲಿಲ್ಲ. ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. ಗೊಂಚಲು ಬಿಚ್ಚಿ ಅವನ ಮುಂದೆ ಮೇಜಿನ ಮೇಲೆ ಕುಕ್ಕಿದಳು. "ಇದನ್ನ ನೀವೇ ಕಟ್ಕೊಳ್ಳಿ. ನೀವು ಬರೋದು ನಮಗಾದ್ರೂ ಗೊತ್ತಾಗ್ಲಿ."

ಕೈಚಾಚಿ ಪುಸ್ತಕವನ್ನು ಅವನ ಕೈಯಿಂದ ತೆಗೆದು ಕನ್ನಡಕದವಳಿಗೆ ಕೊಟ್ಟು ಹೊರಟಳು.

ಮನೆಯಲ್ಲಿ ತಂಗಿ ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಹೆಣಗುತ್ತಿದ್ದಳು. ಅಕ್ಕ ಟ್ರಂಕು ಬಗೆದು ಲಕೋಟೆ ತೆಗೆದದ್ದನ್ನು ಕಂಡು ಬಾಚಣಿಗೆ ಕೆಳಗಿಟ್ಟಳು.

"ಕಳಿಸೇ ಇರ್ಲಿಲ್ವಾ?"

"ಇಲ್ಲ."

"ನಾನು ದಿನಾ ಪೋಸ್ಟಿನವನ ದಾರಿ ಕಾಯ್ತಿದ್ನಲ್ಲೇ. ಅವನು ಏನೂ ಕೊಡದೆ ಹೋದಾಗೆಲ್ಲ ಆ ಅಧಿಕಾರಿನ ಬೈತಿದ್ದೆ."

"ನನ್ನ ಬೈ."

"ಬೈತೀನಿ. ಪುರುಸೊತ್ತಾಗಿ ಕೂತು ಬೈತೀನಿ. ಈಗ ನಡಿ, ಪೋಸ್ಟಾಫೀಸು ಮುಚ್ಚೋ ಹೊತ್ತಾಯ್ತು."

ದಾರಿಯುದ್ದಕ್ಕೂ ತಂಗಿ ಲಕೋಟೆಯನ್ನು ಅಕ್ಕನ ಕೈಗೆ ಕೊಡಲಿಲ್ಲ. ಕಿಟಕಿಯ ಗುಮಾಸ್ತ ಅದರ ಮಾಸಿದ ಅಂಚು ಸವರಿ, "ಬೇರೆ ಲಕೋಟೆ ತರ್ತೀರಾ ಅಮ್ಮ?" ಎಂದ.

"ಬೇಡ," ಎಂದಳು ತಂಗಿ. ಮಡಚಲಾಗದ ಬೆರಳುಗಳಿಂದಲೇ ಅದನ್ನು ಕಿಟಕಿಯೊಳಗೆ ನೂಕಿದಳು. "ರಿಜಿಸ್ಟರ್ ಮಾಡಿ."

ಗುಮಾಸ್ತ ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದ.